ಧಾರವಾಡ ಆಕಾಶವಾಣಿಯಲ್ಲಿ ಕೇಳಿದ ವಚನ: ಹಾಡಿದವರು ಯಾರು? ಹುಡುಕಲು ನೆರವಾಗಿ

ಗದಗದವಳು (ಗುರುವಾರ ಸಂಜೆ)
ನಮಸ್ಕಾರ ಎಲ್ಲರಿಗೂ. ಒಬ್ಬ ಗಾಯಕರ ಹೆಸರು ಬೇಕಾಗಿದೆ.

ನಮ್ಮವ್ವನಿಗೆ 78 ವರ್ಷ. ಎರಡು ವರ್ಷದಿಂದ ಕಣ್ಣು ಮಂಜಾಗಿದೆ. ಟಿವಿ ಬಿಟ್ಟಿದ್ದಾಳೆ, ಎದ್ದಾಗಿನಿಂದ ಮಲಗುವವರೆಗೆ ರೇಡಿಯೋನೇ ಜೊತೆ. ಮೊನ್ನೆ ಮಂಗಳವಾರ ಬೆಳಿಗ್ಗೆ ಧಾರವಾಡ ಆಕಾಶವಾಣಿಯಲ್ಲಿ ಅಕ್ಕಮಹಾದೇವಿಯ ವಚನ ಬಂತು, "ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ". ಗಂಡಸಿನ ದನಿ. ಹಾರ್ಮೋನಿಯಂ, ತಬಲಾ, ಹಿಂದೆ ತಂಬೂರಿ, ಅಷ್ಟೇ. ಅವ್ವ ಮೆಂತ್ಯ ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿಬಿಟ್ಟಳು. "ಇದು ಅದೇ ದನಿ" ಎಂದಳು. ಮದುವೆಗೆ ಮುಂಚೆ, 1967ರ ಸುಮಾರಿಗೆ, ರೋಣದ ಕಡೆಯ ತವರೂರಿನಲ್ಲಿ ಪಂಚಾಯಿತಿ ಕಟ್ಟೆಯ ರೇಡಿಯೋದಲ್ಲಿ ಈ ದನಿ ಬರುತ್ತಿತ್ತಂತೆ. ಹೆಸರು ಅವಳಿಗೆ ಆಗಲೂ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಕಟ್ಟೆಯ ಹತ್ತಿರ ಹೋಗುವ ಹಾಗಿರಲಿಲ್ಲ, ಹಿತ್ತಿಲಿಗೆ ಹಾಡು ಮಾತ್ರ ಕೇಳುತ್ತಿತ್ತು, ನಡುವಿನ ಮಾತು ಕೇಳುತ್ತಿರಲಿಲ್ಲ.

ಹಾಡು ಮುಗಿದು ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ನಾನು ಒಳಗೆ ಚಟ್ನಿಗೆ ಮಿಕ್ಸರ್ ಹಾಕಿದೆ. ಅವ್ವ ಕೂಗಿದ್ದೂ ನನಗೆ ಕೇಳಿಸಲಿಲ್ಲ. ಎರಡು ದಿನದಿಂದ ಅದೇ ಮನಸ್ಸಿಗೆ ಚುಚ್ಚುತ್ತಿದೆ. ಯಾರಾದರೂ ಅವತ್ತು ಕೇಳಿದ್ದೀರಾ? ಹುಡುಕುವುದು ಹೇಗೆ?

ರಾಗಪ್ರಿಯ
ಮಲ್ಲಿಕಾರ್ಜುನ ಮನ್ಸೂರರು. ಸಂಶಯವೇ ಬೇಡ.

ಹುಬ್ಬಳ್ಳಿ ಹೈದ
ಹೌದು, ಈ ವಚನ ಅಂದರೆ ಮನ್ಸೂರರೇ. ಅವರು ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರೂ ಆಗಿದ್ದರು. ಯೂಟ್ಯೂಬಿನಲ್ಲಿ ಇದೆ ನೋಡಿ ಅಕ್ಕ, ಹಾಕಿ ಕೇಳಿಸಿ.

ಗದಗದವಳು
ಕೇಳಿಸಿದೆ. ಅವ್ವ ಪೂರ್ತಿ ಕೇಳಿದಳು, ಕೈ ಮುಗಿದಳು, ಆಮೇಲೆ "ಇವರು ದೊಡ್ಡವರು, ಇವರನ್ನು ನಾನು ಗುರುತಿಸೋದಿಲ್ಲೇನು? ಅವರಲ್ಲ" ಎಂದಳು. ಅವ್ವ ಹೇಳುವ ದನಿ ಇನ್ನೂ ಮೆತ್ತಗೆ, ಸ್ವಲ್ಪ ಮೂಗಿನಿಂದ ಬರುವಂಥದ್ದು. "ಕನಸ" ಅನ್ನುವಲ್ಲಿ ಸ್ವಲ್ಪ ನಿಂತು ಮುಂದೆ ಹೋಗುತ್ತಿದ್ದರಂತೆ.

ಸಿಂಧನೂರು ಬಸು
ಹಾಗಾದರೆ ಸಿದ್ಧರಾಮ ಜಂಬಲದಿನ್ನಿ ಅವರ ಹಾಡು ಹಾಕಿ ನೋಡಿ. ನಮ್ಮ ರಾಯಚೂರು ಸೀಮೆಯವರು. ವಚನ ಹಾಡಿದರೆ ಎದುರಿಗೆ ಕೂತು ಮಾತಾಡಿದ ಹಾಗಿರುತ್ತದೆ.

ರಾಗಪ್ರಿಯ
ಬಸವರಾಜ ರಾಜಗುರು ಯಾಕಿರಬಾರದು? ವಚನ ಗಾಯನದಲ್ಲಿ ಅವರ ಹೆಸರು ಬಿಟ್ಟು ಮಾತಾಡುವುದೇ ತಪ್ಪು.

ಗದಗದವಳು
ಇಬ್ಬರನ್ನೂ ಹಾಕಿದೆ. ಎರಡಕ್ಕೂ ತಲೆ ಅಲ್ಲಾಡಿಸಿದಳು. ಆದರೆ ಮೂವರದೂ ಕೇಳುವ ಭಾಗ್ಯ ಬಂತು ಎಂದು ಖುಷಿಯಾಗಿದ್ದಾಳೆ.

ಕೋಡ್ ಕೆಲಸ
ಇಷ್ಟೆಲ್ಲ ಯಾಕೆ? ಶಾಜಾಮ್ ಆ್ಯಪ್ ಇದೆ. ಹಾಡು ಬರುವಾಗ ಫೋನ್ ಹಿಡಿದರೆ ಹತ್ತು ಸೆಕೆಂಡಿನಲ್ಲಿ ಹೆಸರು ಬರುತ್ತದೆ. ಗೂಗಲ್‌ನಲ್ಲಿ ಗುನುಗಿದರೂ ಹುಡುಕಿ ಕೊಡುತ್ತದೆ, 2020ರಿಂದ ಇದೆ.

ಮೀಡಿಯಂ ವೇವ್ ಮಂಜು
ಕೋಡ್ ಕೆಲಸ ಅವರೇ, ಸಿನಿಮಾ ಹಾಡಿಗೆ ಅದು ಸರಿ. ಆಕಾಶವಾಣಿಯ ಸ್ವಂತ ಧ್ವನಿಮುದ್ರಣಕ್ಕೆ ನಡೆಯುವುದಿಲ್ಲ. ಶಾಜಾಮ್ ಕೆಲಸ ಮಾಡುವುದು ಬೆರಳಚ್ಚಿನ ಹಾಗೆ. ನೀವು ಕೇಳಿಸಿದ ತುಣುಕಿನ ಗುರುತನ್ನು ತನ್ನಲ್ಲಿರುವ ಗುರುತುಗಳ ಜೊತೆ ಹೋಲಿಸುತ್ತದೆ. ಕ್ಯಾಸೆಟ್, ಸಿಡಿ, ಆ್ಯಪ್ ಯಾವುದರಲ್ಲೂ ಹೊರಗೆ ಬಾರದ ಹಾಡಿನ ಗುರುತು ಅದರಲ್ಲಿ ಎಲ್ಲಿಂದ ಬರಬೇಕು? ನಿಲಯದ ಸ್ಟುಡಿಯೋದಲ್ಲಿ ಹಾಡಿಸಿ ನಿಲಯದಲ್ಲೇ ಇಟ್ಟುಕೊಂಡದ್ದು ಅದು. ಅದಲ್ಲದೆ ಹೋದ ಮಂಗಳವಾರ ಬಂದು ಹೋದ ಹಾಡಿಗೆ ಈಗ ಫೋನ್ ಹಿಡಿಯುವುದು ಹೇಗೆ ಹೇಳಿ.

ಕೋಡ್ ಕೆಲಸ
ಗುನುಗಿ ಹುಡುಕುವುದಾದರೂ ಆಗಬಹುದಲ್ಲ?

ಮೀಡಿಯಂ ವೇವ್ ಮಂಜು
ಗುನುಗಿದರೆ ಸಿಗುವುದು ಯಾವ ಹಾಡು ಎಂದು. ಯಾವ ವಚನ ಅಂತ ಅವರಿಗೆ ಗೊತ್ತೇ ಇದೆ. ಬೇಕಾಗಿರುವುದು ಹಾಡಿದವರ ಹೆಸರು.

ಕೋಡ್ ಕೆಲಸ
ಸರಿ, ಒಪ್ಪಿದೆ.

ಸಂಶಯ ಸ್ವಾಮಿ
ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು. 1967ರಲ್ಲಿ ಕೇಳಿದ ದನಿಯನ್ನು ಈಗ ಗುರುತಿಸುವುದು ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಸುಮಾರು ಅರವತ್ತು ವರ್ಷ. ಅದೇ ವಚನ, ಅದೇ ಥರದ ಧಾಟಿ, ಅಷ್ಟಕ್ಕೇ ಅದೇ ದನಿ ಅನ್ನಿಸಿರಬಹುದು. ಎಷ್ಟು ಜನ ಹಾಡಿದ್ದಾರೋ ಲೆಕ್ಕ ಇಲ್ಲ.

ಮಲೆನಾಡ ಮಳೆ
ಸ್ವಾಮಿಯವರೇ, ನಿಮಗೆ ರೇಡಿಯೋ ಕಿವಿ ಗೊತ್ತಿಲ್ಲ ಅನ್ನಿಸುತ್ತದೆ. ನಮ್ಮಜ್ಜ ಬೆಳಗಿನ ಸಂಸ್ಕೃತ ವಾರ್ತೆಯ ಒಂದು ಪದ ಅರ್ಥವಾಗದಿದ್ದರೂ ದಿನಾ ಕೇಳುತ್ತಿದ್ದರು. "ಪ್ರವಾಚಕಃ ಬಲದೇವಾನಂದ ಸಾಗರಃ" ಅನ್ನುವುದಕ್ಕೆ ಮುಂಚೆಯೇ, ಬರೀ "ಇಯಮ್ ಆಕಾಶವಾಣೀ" ಎಂದ ಕೂಡಲೇ ಇವತ್ತು ಅವರೇ, ಇವತ್ತು ಬೇರೆಯವರು ಎಂದು ಹೇಳುತ್ತಿದ್ದರು. ಮುಖ ಕಾಣದಿದ್ದಾಗ ದನಿಯೇ ಮುಖ.

ಸಂಶಯ ಸ್ವಾಮಿ
ದಿನಾ ಕೇಳುವುದು ಬೇರೆ, ಇಷ್ಟು ವರ್ಷ ಬಿಟ್ಟು ಕೇಳುವುದು ಬೇರೆ. ನಾನು ಹೇಳಿದ್ದು ಅಷ್ಟೇ.

ಹಳೇ ಡ್ಯೂಟಿ ರೂಮ್
ಈಗಷ್ಟೇ ನೋಡಿದೆ. ನಾನು ಆಕಾಶವಾಣಿಯ ಒಂದು ನಿಲಯದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಮುಂದೆ ಬೇರೆಯವರಿಗೂ ಉಪಯೋಗವಾದೀತು.

ಗದಗದ ತಂಗೀ, ನೀವು ಹಾಡಿನ ಕಡೆಯಿಂದ ಹುಡುಕುತ್ತಿದ್ದೀರಿ. ಗಡಿಯಾರದ ಕಡೆಯಿಂದ ಹುಡುಕಿ. ನಿಲಯದಲ್ಲಿ ಪ್ರಸಾರವಾಗುವ ಪ್ರತಿಯೊಂದಕ್ಕೂ ಬರಹದಲ್ಲಿ ದಾಖಲೆ ಇರುತ್ತದೆ. ಅದಕ್ಕೆ ನಾವು ಕ್ಯೂ ಶೀಟ್ ಅನ್ನುತ್ತೇವೆ. ಏನು ಹಾಡು, ಯಾರು ಹಾಡಿದ್ದು, ಪಕ್ಕವಾದ್ಯ ಯಾರು, ಎಷ್ಟು ನಿಮಿಷ ಎಷ್ಟು ಸೆಕೆಂಡು, ಟೇಪಿನ ನಂಬರ್ ಏನು, ಶುರುವಿನ ಮಾತು ಯಾವುದು, ಕೊನೆಯ ಮಾತು ಯಾವುದು, ಎಲ್ಲ ಅದರಲ್ಲಿ ಇರುತ್ತದೆ. ಉದ್ಘೋಷಕರು ಅದನ್ನು ಎದುರಿಗಿಟ್ಟುಕೊಂಡೇ ಹೆಸರು ಹೇಳುವುದು. ಜೊತೆಗೆ ಡ್ಯೂಟಿ ರೂಮಿನಲ್ಲಿ ಲಾಗ್ ಬುಕ್. ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಶುರುವಾಯಿತು, ಎಲ್ಲಿ ತಡವಾಯಿತು, ಎಲ್ಲಿ ದನಿ ಕಡಿದುಹೋಯಿತು ಎಂದು ಡ್ಯೂಟಿ ಆಫೀಸರ್ ಬರೆಯುತ್ತಾರೆ. ಹಾಗಾಗಿ "ಒಂದು ವಚನ ಬಂದಿತ್ತು" ಅಂದರೆ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. "ಇಂಥ ತಾರೀಕು, ಬೆಳಿಗ್ಗೆ ಇಂಥ ಗಂಟೆ ಇಂಥ ನಿಮಿಷ" ಅಂದರೆ ಐದು ನಿಮಿಷದ ಕೆಲಸ.

ಎರಡನೆಯದು, ನೀವು ಕೇಳಿದ್ದು ಧಾರವಾಡ ನಿಲಯ ಇರಬಹುದು, ಆದರೆ ಕಾರ್ಯಕ್ರಮ ಧಾರವಾಡದ್ದೇನಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಎಷ್ಟೋ ಕಾರ್ಯಕ್ರಮ ಬೆಂಗಳೂರಿನಿಂದ ಬರುತ್ತವೆ, ಬೇರೆ ನಿಲಯಗಳು ಸಹಪ್ರಸಾರ ಮಾಡುತ್ತವೆ. ಹಾಡಿಗೆ ಮುಂಚೆ ಏನು ಬಂತು, ಆಮೇಲೆ ಏನು ಬಂತು, ಅವ್ವನನ್ನು ಕೇಳಿ. ಅವರಿಗೆ ನೆನಪಿರುತ್ತದೆ.

ಮೂರನೆಯದು ಸಂಶಯ ಸ್ವಾಮಿಯವರಿಗೆ. ತಾಯಿ ಹೇಳಿದ್ದು ದನಿ ಅದೇ ಎಂದು, ಹಾಡು ಅದೇ ಎಂದಲ್ಲ. ಇದು ಮುಖ್ಯ. ಆ ಕಾಲದಲ್ಲಿ ಕಲಾವಿದರು ಸ್ಟುಡಿಯೋಗೆ ಬಂದು ನೇರವಾಗಿ ಹಾಡುವುದು ಜಾಸ್ತಿ. ಅದು ಗಾಳಿಗೆ ಹೋಯಿತು, ಮುಗಿಯಿತು. ಟೇಪ್ ತುಟ್ಟಿಯ ಮಾಲು, ಬೇಕೆಂದಷ್ಟು ಸಿಗುತ್ತಿರಲಿಲ್ಲ. ಒಂದು ಕಾರ್ಯಕ್ರಮ ಆದ ಮೇಲೆ ಅದೇ ಟೇಪ್ ಅಳಿಸಿ ಇನ್ನೊಂದಕ್ಕೆ ಬಳಸುತ್ತಿದ್ದೆವು. ನಾನೇ ಅಳಿಸಿದ್ದೇನೆ. ಬಲ್ಕ್ ಇರೇಸರ್ ಮೇಲೆ ಸ್ಪೂಲ್ ಇಟ್ಟು ಸುತ್ತ ತಿರುಗಿಸಿದರೆ ಹತ್ತು ಸೆಕೆಂಡಿನಲ್ಲಿ ಒಂದು ಗಂಟೆ ಸಂಗೀತ ಹೋಗುತ್ತಿತ್ತು. ಕೆಲವರ ದನಿ ಹಾಗೆ ಅಳಿಸಿದ್ದು ಇವತ್ತಿಗೂ ನೋವು. ಆದ್ದರಿಂದ 1967ರಲ್ಲಿ ಅವರು ಕೇಳಿದ್ದು ಇವತ್ತು ಸಿಗಲಿಕ್ಕಿಲ್ಲ. ಮಂಗಳವಾರ ಬಂದದ್ದು ಅದೇ ಕಲಾವಿದರು ಆಮೇಲೆ ಯಾವಾಗಲೋ ಹಾಡಿ ಧ್ವನಿ ಭಂಡಾರದಲ್ಲಿ ಉಳಿದದ್ದು ಇರಬಹುದು.

ಗದಗದವಳು
ಸರ್, ತುಂಬಾ ಉಪಕಾರ. ಅವ್ವನನ್ನು ಕೇಳಿದೆ. ಮುಂಚೆ ರೈತರಿಗೆ ಏನೋ ಹೇಳುತ್ತಿದ್ದರಂತೆ, ಕಡಲೆ ಕಾಯಿಕೊರಕದ ಬಗ್ಗೆ. ಹಾಡು ಮುಗಿದ ಮೇಲೆ ಸಮಯ ಹೇಳಿದರಂತೆ. ಹಾಲಿನವನು ಬಂದು ಹೋಗಿದ್ದ, ನೀರು ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಮಂಗಳವಾರ ನಲ್ಲಿ ನೀರು ಬಿಡುವುದು ಏಳಕ್ಕೆ.

ಹಳೇ ಡ್ಯೂಟಿ ರೂಮ್
ಇದಕ್ಕಿಂತ ಒಳ್ಳೆಯ ಲಾಗ್ ಬುಕ್ ಬೇಕಾ! ಏಳಕ್ಕೆ ಮುಂಚಿನ ಅರ್ಧ ಗಂಟೆ ಹಿಡಿದುಕೊಂಡು ಕೇಳಿ.

ಕಹಿ ಬೇವು
ಹೇಳುವುದು ಸುಲಭ ಸರ್. ನಾನು ಒಂದು ನಿಲಯಕ್ಕೆ (ಹೆಸರು ಬೇಡ) ನಾಲ್ಕು ದಿನ ಫೋನ್ ಮಾಡಿದ್ದೆ. ಎರಡು ದಿನ ಎತ್ತಲೇ ಇಲ್ಲ. ಮೂರನೇ ದಿನ "ಸಾಹೇಬರು ಇಲ್ಲ". ನಾಲ್ಕನೇ ದಿನ "ಅದೆಲ್ಲ ಹೇಳಲಿಕ್ಕೆ ಬರೋದಿಲ್ಲ, ಪತ್ರ ಬರೆಯಿರಿ". ಪತ್ರ ಬರೆದು ಒಂದು ವರ್ಷವಾಯಿತು. ಜನರ ದುಡ್ಡಿನಲ್ಲಿ ನಡೆಯುವ ರೇಡಿಯೋ. ಬಂದ ಹಾಡಿನ ಪಟ್ಟಿಯನ್ನು ದಿನಾ ಆನ್‌ಲೈನ್ ಹಾಕಿದರೆ ಏನು ಕಷ್ಟ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ತಾವಾಗಿಯೇ ಕೊಡುತ್ತಾರೆ.

ಹಳೇ ಡ್ಯೂಟಿ ರೂಮ್
ಪಟ್ಟಿ ಹಾಕಬೇಕು ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಈಗ ಹಾಡು ಹೋಗುವುದೇ ಕಂಪ್ಯೂಟರಿನಿಂದ, ಹೆಸರುಗಳೆಲ್ಲ ಅಲ್ಲೇ ಇವೆ. ನಮ್ಮ ಕಾಲದಲ್ಲಿ ಎಲ್ಲ ಕೈಯಲ್ಲಿ ಬರೆಯಬೇಕಿತ್ತು, ಈಗ ಆ ನೆಪ ಇಲ್ಲ. ಆದರೆ ಒಂದು ಹಾಡಿನ ಹೆಸರಿಗೆ ಮಾಹಿತಿ ಹಕ್ಕಿನ ಅರ್ಜಿ ಬೇಡ. ಉತ್ತರಕ್ಕೆ 30 ದಿನ ಗಡುವು, ಅಷ್ಟರಲ್ಲಿ ಕೇಳುವ ಆಸೆಯೇ ಆರಿಹೋಗುತ್ತದೆ. ಫೋನ್ ಮಾಡುವ ಹೊತ್ತು ನೋಡಿಕೊಳ್ಳಿ. ವಾರ್ತೆಯ ಹೊತ್ತಿನಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ ಮಾಡಿದರೆ ಯಾರಿಗೂ ಮಾತಾಡಲು ಬಿಡುವಿರುವುದಿಲ್ಲ. ಹನ್ನೊಂದು ಗಂಟೆಯ ನಂತರ ಮಾಡಿ. ದೂರು ಕೊಡುವ ದನಿ ಬೇಡ. "ನಮ್ಮ ತಾಯಿ ಕೇಳಿದರು" ಎಂದು ಶುರು ಮಾಡಿ. ಕೇಳುಗರು ಫೋನ್ ಮಾಡಿದರೆ ಒಳಗಿನವರಿಗೆ ಎಷ್ಟು ಸಂತೋಷವಾಗುತ್ತದೆ ಎಂದು ಹೊರಗಿನವರಿಗೆ ಗೊತ್ತಿಲ್ಲ. ಮೈಕಿನ ಮುಂದೆ ಕೂತವನಿಗೆ ಎದುರಿಗೆ ಕಾಣುವುದು ಗಾಜು ಮಾತ್ರ.

ಕಹಿ ಬೇವು
ನಯವಾಗಿಯೇ ಕೇಳಿದ್ದೆ ಸರ್. ಇರಲಿ.

ಹಳೇ ಡ್ಯೂಟಿ ರೂಮ್
ನಿಮ್ಮದು ಯಾವ ಹಾಡು? ಇಲ್ಲಿ ಬರೆಯಿರಿ.

ಕಹಿ ಬೇವು
ಹಾಡಲ್ಲ, ವಾದ್ಯ. ಸಂಜೆ ವಾರ್ತೆಗೆ ಮುಂಚೆ ಒಂದೆರಡು ನಿಮಿಷ ಕೊಳಲು ಬರುತ್ತಿತ್ತು. ಹೆಸರು ಹೇಳುತ್ತಲೇ ಇರಲಿಲ್ಲ. ಅಪ್ಪ ಅಂಗಡಿ ಬಾಗಿಲು ಹಾಕುವ ಹೊತ್ತು ಅದು.

ಹಳೇ ಡ್ಯೂಟಿ ರೂಮ್
ಅದು ಫಿಲ್ಲರ್. ಕಾರ್ಯಕ್ರಮ ಸ್ವಲ್ಪ ಮುಂಚೆ ಮುಗಿದರೆ ವಾರ್ತೆಯ ತನಕ ಜಾಗ ತುಂಬಲು ಹಾಕುವ ಸಂಗೀತ. ಹೆಸರು ಹೇಳುವ ಪದ್ಧತಿ ಇಲ್ಲ, ಎಷ್ಟೋ ಸಲ ಕ್ಯೂ ಶೀಟಿನಲ್ಲಿಯೂ ಬರೀ "ಫಿಲ್ಲರ್" ಎಂದಿರುತ್ತದೆ. ಹುಡುಕಲು ಎಲ್ಲಕ್ಕಿಂತ ಕಷ್ಟದ್ದು ಅದೇ. ನಿಲಯದಲ್ಲಿ ಆಗ ಇದ್ದ ಕೊಳಲು ಕಲಾವಿದರು ಯಾರು ಎಂದು ಕೇಳಿ. ಫಿಲ್ಲರ್ ನುಡಿಸಿದವರು ಹೆಚ್ಚಾಗಿ ನಿಲಯದ ಕಲಾವಿದರೇ ಆಗಿರುತ್ತಿದ್ದರು.

ಕಹಿ ಬೇವು
ಇದು ಯಾರೂ ಹೇಳಿರಲಿಲ್ಲ ಸರ್. ಧನ್ಯವಾದ.

ಹುಬ್ಬಳ್ಳಿ ಹೈದ
ವಾದ್ಯ ಅಂದಾಗ ನೆನಪಾಯಿತು. ಬೆಳಿಗ್ಗೆ ನಿಲಯ ಶುರುವಾಗುವಾಗ ಬರುವ ಆ ಟ್ಯೂನ್, ಅದು ರವಿಶಂಕರ್ ಮಾಡಿದ್ದು ಅಲ್ವಾ?

ಮೀಡಿಯಂ ವೇವ್ ಮಂಜು
ಅಲ್ಲ. ರವಿಶಂಕರ್ ಹೆಸರು ಇರುವುದು ದೂರದರ್ಶನದ ಟ್ಯೂನಿಗೆ. ಆಕಾಶವಾಣಿಯದು ವಾಲ್ಟರ್ ಕೌಫ್‌ಮನ್ ಮಾಡಿದ್ದು, 1936ರಲ್ಲಿ. ಇವತ್ತಿನ ಚೆಕ್ ದೇಶದ ಕಡೆಯ ಯಹೂದಿ, ಹಿಟ್ಲರನ ಕಾಲದಲ್ಲಿ ಅಲ್ಲಿ ಇರಲಾಗದೆ 1934ರಲ್ಲಿ ಮುಂಬೈಗೆ ಬಂದವರು. ತಂಬೂರಿಯ ಶ್ರುತಿಯ ಮೇಲೆ ವಯೊಲಿನ್. ಶಿವರಂಜನಿ ರಾಗದ ಛಾಯೆ.

ರಾಗಪ್ರಿಯ
ಛಾಯೆ ಏನು, ಶಿವರಂಜನಿಯೇ.

ಮೀಡಿಯಂ ವೇವ್ ಮಂಜು
ಅಷ್ಟು ಚಿಕ್ಕ ತುಣುಕಿಗೆ ರಾಗ ಎಂದು ಖಡಾಖಂಡಿತ ಹೇಳಬಾರದು ಅನ್ನುವುದು ನನ್ನ ಅಭಿಪ್ರಾಯ.

ಮಲೆನಾಡ ಮಳೆ
ನಮ್ಮ ಮನೆಯಲ್ಲಿ ಆ ಟ್ಯೂನ್ ಬಂದರೆ ಒಲೆ ಹಚ್ಚುವ ಹೊತ್ತು ಅಂತ ಲೆಕ್ಕ.

ಮೈಸೂರು ಮೊಮ್ಮಗ
ಆಕಾಶವಾಣಿ ಎಂಬ ಹೆಸರೇ ನಮ್ಮ ಮೈಸೂರಿನದು ಎಂಬುದನ್ನೂ ಸೇರಿಸಿ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದರು.

ಧಾರವಾಡ ಪೇಡೆ
ಮೈಸೂರು ಸರಿ, ಆದರೆ ವಿಷಯ ಧಾರವಾಡದ್ದು! ನಮ್ಮ ನಿಲಯ 1950ರ ಜನವರಿಯಲ್ಲಿ ಶುರುವಾದದ್ದು. ಬೇಂದ್ರೆ ಅಜ್ಜ ಅಲ್ಲಿ ಸಲಹೆಗಾರರಾಗಿದ್ದರು. ಈ ಕಡೆಯ ಹಳ್ಳಿಯವರ ದನಿ ಮೊದಲ ಸಲ ಊರು ದಾಟಿದ್ದು ಅಲ್ಲಿಂದ. ಜನಪದ, ಡೊಳ್ಳಿನ ಪದ, ಗೀಗೀ ಪದ, ಎಷ್ಟು ಕಲಾವಿದರು ಬಸ್ಸು ಹತ್ತಿ ಬಂದು ಹಾಡಿ ಸಂಜೆ ಬಸ್ಸಿಗೆ ಊರಿಗೆ ಹೋದರು. ಅವರೆಲ್ಲರ ಹೆಸರು ಎಲ್ಲಿದೆ? ನಾವು ಹುಡುಕಬೇಕಾದದ್ದು ಅವರನ್ನು. ಹಾಡು ಕೇಳಿದ ಕೂಡಲೇ ದೊಡ್ಡ ಹೆಸರಿಗೆ ಓಡುತ್ತೇವೆ, ಮೇಲೆ ನೋಡಿ, ನಾಲ್ಕೇ ಉತ್ತರದಲ್ಲಿ ಮೂರು ದೊಡ್ಡ ಹೆಸರು ಬಂತು.

ರಾಗಪ್ರಿಯ
ಒಪ್ಪುತ್ತೇನೆ, ನನ್ನದೇ ಎರಡು. ಅವಸರಪಟ್ಟೆ.

ಕುಡ್ಲದ ತೆಂಗು
ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. ಮಂಗಳೂರು ಆಕಾಶವಾಣಿಯಲ್ಲಿ ಬರುತ್ತಿದ್ದ ತಾಳಮದ್ದಳೆಯನ್ನು ನಮ್ಮ ತಂದೆ ಟೇಪ್ ರೆಕಾರ್ಡರ್‌ನಲ್ಲಿ ಹಿಡಿಯುತ್ತಿದ್ದರು. ತಂತಿ ಹಾಕಿ ಹಿಡಿಯುವುದು ಗೊತ್ತಿರಲಿಲ್ಲ, ರೇಡಿಯೋ ಎದುರು ಸೆಟ್ ಇಟ್ಟು ನಮ್ಮೆಲ್ಲರನ್ನು ಹೊರಗೆ ಕಳುಹಿಸಿ ಬಾಗಿಲು ಹಾಕುತ್ತಿದ್ದರು. ಈಗ ಹಾಕಿ ಕೇಳಿದರೆ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತಿನ ಹಿಂದೆ ಹಂಚಿನ ಮೇಲೆ ಮಳೆ ಸುರಿಯುವ ಸದ್ದು, ನಡುವೆ ನಮ್ಮ ಕರುವಿನ ಗಂಟೆ. ಒಂದು ಕಡೆ ಅಮ್ಮ ಬಾಗಿಲಾಚೆಯಿಂದ "ಊಟಕ್ಕೆ ಬನ್ನಿ" ಎಂದದ್ದು ಕೂಡ ಇದೆ. ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು, ಅವರ ದನಿ ಉಳಿದಿರುವುದು ಅದೊಂದರಲ್ಲೇ.

ನನ್ನ ಪ್ರಶ್ನೆ: 40ರ ಮೇಲೆ ಕ್ಯಾಸೆಟ್ ಇವೆ. ಕೆಲವಕ್ಕೆ ಬೂಷ್ಟು ಹಿಡಿದಿದೆ. ಏನು ಮಾಡಲಿ?

ಮೀಡಿಯಂ ವೇವ್ ಮಂಜು
ಬೂಷ್ಟು ಹಿಡಿದದ್ದನ್ನು ಹಾಗೆಯೇ ಹಾಕಬೇಡಿ, ಪ್ಲೇಯರಿನ ಹೆಡ್‌ಗೆ ಅಂಟಿ ಒಳ್ಳೆಯ ಕ್ಯಾಸೆಟ್‌ಗೂ ಹರಡುತ್ತದೆ. ಅವನ್ನು ಬೇರೆ ಇಡಿ. ಒಳ್ಳೆಯವನ್ನು ಮೊದಲು ಒಂದು ಸಲ ಪೂರ್ತಿ ಮುಂದೆ, ಒಂದು ಸಲ ಪೂರ್ತಿ ಹಿಂದೆ ಸುತ್ತಿ, ಆಮೇಲೆ ಹಾಕಿ. ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ ಅನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಸಿ-90 ಇದ್ದರೆ ಹುಷಾರು, ಅದರ ಟೇಪ್ ಸಿ-60ಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಹಿಡಿಯಿರಿ. ಅಮ್ಮನ ದನಿ ಇರುವ ಕ್ಯಾಸೆಟ್ ಮೊದಲು ಮಾಡಬೇಡಿ. ನಾಲ್ಕೈದು ಮಾಡಿ ಕೈ ಪಳಗಿದ ಮೇಲೆ ಮಾಡಿ.

ಕೋಡ್ ಕೆಲಸ
ಮಾಡಿ ಎಲ್ಲವನ್ನೂ ಯೂಟ್ಯೂಬಿಗೆ ಹಾಕಿಬಿಡಿ. ಆಗ ಇಂಥ ಪ್ರಶ್ನೆಯೇ ಬರುವುದಿಲ್ಲ.

ಹಳೇ ಡ್ಯೂಟಿ ರೂಮ್
ಸ್ವಲ್ಪ ತಡೆಯಿರಿ. ಧ್ವನಿಮುದ್ರಣದ ಹಕ್ಕು ನಮ್ಮ ದೇಶದಲ್ಲಿ 60 ವರ್ಷ. ಹಾಡಿದವರ ಹಕ್ಕು ಬೇರೆ, ಅದು 50. ಮನೆಯಲ್ಲಿ ಕೇಳಲು ಹಿಡಿದಿಟ್ಟುಕೊಂಡದ್ದನ್ನು ಅನುಮತಿ ಕೇಳದೆ ಊರಿಗೆಲ್ಲ ಹಂಚುವುದು ಸರಿಯಲ್ಲ. ನಿಲಯಕ್ಕೆ ಒಂದು ಪ್ರತಿ ಕೊಡಿ. ನಿಲಯದಲ್ಲೇ ಅಳಿಸಿಹೋದದ್ದು ಎಷ್ಟೋ ಕೇಳುಗರ ಮನೆಯಲ್ಲಿ ಉಳಿದಿದೆ.

ಕೋಡ್ ಕೆಲಸ
ಕೊಟ್ಟರೆ ಅಲ್ಲಿ ಕಪಾಟಿನಲ್ಲಿ ಬೀಳುತ್ತದೆ ಸರ್. ಹಂಚಿದ್ದು ಉಳಿಯುತ್ತದೆ.

ಧಾರವಾಡ ಪೇಡೆ
ಎರಡೂ ನಿಜ. ಕಲಾವಿದರ ಮನೆಯವರನ್ನು ಒಂದು ಮಾತು ಕೇಳಿ ಹಾಕಿದರೆ ಜಗಳವೇ ಇಲ್ಲ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ದೋಹಾದಿಂದ
ನಾನು ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಧಾರವಾಡ ಕೇಳುವವನು. ಇಲ್ಲಿ ನಸುಕಿನ ನಾಲ್ಕು ಗಂಟೆಗೆ ಎದ್ದು ಡ್ಯೂಟಿಗೆ ಹೋಗುವಾಗ ಊರಲ್ಲಿ ಆರೂವರೆ. ಆ್ಯಪ್‌ನಲ್ಲಿ ಹಿಂದಕ್ಕೆ ಹೋಗಿ ಕೇಳಲು ಬರುವುದಿಲ್ಲ, ಹೋದದ್ದು ಹೋಯಿತು. ಅದಕ್ಕೇ ನಾನು ಫೋನಿನಲ್ಲಿ ರೆಕಾರ್ಡ್ ಹಾಕಿಯೇ ಕೇಳುತ್ತೇನೆ, ಬೇಡದ್ದನ್ನು ವಾರಕ್ಕೊಮ್ಮೆ ಅಳಿಸುತ್ತೇನೆ. ಹೋದ ಮಂಗಳವಾರದ್ದು ಇದೆಯಾ ಎಂದು ರಾತ್ರಿ ನೋಡುತ್ತೇನೆ.

ಗದಗದವಳು
ಅಣ್ಣಾ, ದಯವಿಟ್ಟು ನೋಡಿ.

ದೋಹಾದಿಂದ
ನೋಡಿದೆ ಅಕ್ಕ. ಇದೆ, ಆದರೆ ಅರ್ಧ. ಬಸ್ಸು ಬಂತು ಎಂದು ಆರಿಸಿದ್ದೇನೆ. ವಚನದ ಮೊದಲ ಎರಡು ನಿಮಿಷ ಇದೆ, ಹೆಸರು ಇಲ್ಲ. ಶುರುವಾಗುವಾಗ ಹೆಸರು ಹೇಳಿಲ್ಲ, "ಈಗ ವಚನ ಗಾಯನ" ಎಂದಷ್ಟೇ ಇದೆ. ಊರ ಸಮಯ ಬೆಳಿಗ್ಗೆ 6 ಗಂಟೆ 41 ನಿಮಿಷ. ಆ್ಯಪ್‌ನಲ್ಲಿ ಸ್ವಲ್ಪ ತಡವಾಗಿ ಬರುತ್ತದೆ, ಅದನ್ನು ಹಿಂದೆ ಹಿಡಿದುಕೊಳ್ಳಿ. ನಿಮಗೆ ಖಾಸಗಿಯಾಗಿ ಕಳುಹಿಸಿದ್ದೇನೆ.

ಗದಗದವಳು (ಶನಿವಾರ ಮಧ್ಯಾಹ್ನ)
ಎಲ್ಲರಿಗೂ ಹೇಳಬೇಕು, ಹೆಸರು ಸಿಕ್ಕಿತು.

ನಿನ್ನೆ ಹನ್ನೊಂದೂವರೆಗೆ ಫೋನ್ ಮಾಡಿದೆ. ಸರ್ ಹೇಳಿದ ಹಾಗೆ "ನಮ್ಮವ್ವ ಕೇಳಿದಳು" ಎಂದು ಶುರು ಮಾಡಿ ತಾರೀಕು, 6 ಗಂಟೆ 40 ನಿಮಿಷ ಎಂದೆ. ಒಬ್ಬರು ಮೇಡಂ ಎತ್ತಿಕೊಂಡಿದ್ದರು. "ಒಂದು ನಿಮಿಷ ಇರಿ" ಎಂದವರು ಫೋನ್ ಕೆಳಗಿಟ್ಟು ಹೋದರು, ಹಾಳೆ ತಿರುವುವ ಸದ್ದು ಕೇಳುತ್ತಿತ್ತು. ಬಂದು ಹೆಸರು ಹೇಳಿದರು. ಮೂವರು ದೊಡ್ಡವರಲ್ಲಿ ಯಾರೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು, ರೋಣದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಂಗೀತ ಮಾಸ್ತರಾಗಿದ್ದವರು. ಧ್ವನಿಮುದ್ರಣ 1974ರದ್ದು. ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಅವರ ಹೆಸರನ್ನು ಇಲ್ಲಿ ಈಗಲೇ ಬರೆಯುವುದಿಲ್ಲ, ಅವರ ಮಗ ಊರಲ್ಲೇ ಇದ್ದಾರಂತೆ, ಅವರನ್ನು ಕೇಳಿ ಬರೆಯುತ್ತೇನೆ.

ಅವ್ವನಿಗೆ ಹೇಳಿದೆ. ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಆಶ್ರಮದ ಎಷ್ಟೋ ಶಿಷ್ಯರ ಹಾಗೆ ಅವರಿಗೂ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅದು ಅವ್ವನಿಗೆ ಗೊತ್ತಿರಲಿಲ್ಲ. ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ದೋಹಾ ಅಣ್ಣ ಕಳಿಸಿದ ಎರಡು ನಿಮಿಷವನ್ನು ಇನ್ನೊಂದು ಸಲ ಹಾಕು ಎಂದಳು.

ಸಂಶಯ ಸ್ವಾಮಿ
ಅಕ್ಕ, ನಾನು ಹೇಳಿದ್ದು ತಪ್ಪಾಯಿತು. ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಹಳೇ ಡ್ಯೂಟಿ ರೂಮ್
ತುಂಬಾ ಸಂತೋಷ. ಮೇಡಂಗೆ ಒಂದು ಪೋಸ್ಟ್‌ಕಾರ್ಡ್ ಬರೆದುಬಿಡಿ ತಂಗೀ, ನಿಲಯದಲ್ಲಿ ಅದನ್ನು ಓದುತ್ತಾರೆ. ಅದರಲ್ಲೇ ಪೂರ್ತಿ ವಚನ ಮತ್ತೊಮ್ಮೆ ಹಾಕಿ ಎಂದು ಕೇಳಿ, ಟೇಪ್ ನಂಬರ್ ಈಗ ಅವರ ಕೈಯಲ್ಲೇ ಇದೆ.

ಗದಗದವಳು
ಅವ್ವ ಹೇಳುತ್ತಾಳೆ, ನಾನು ಬರೆಯುತ್ತಿದ್ದೇನೆ ಸರ್. ಈಗಲೇ ಒಂದು ಕಾರ್ಡ್ ತುಂಬಿತು, ಇನ್ನೊಂದು ತರಬೇಕು.

ಬಳ್ಳಾರಿ ಬಿಸಿಲು
ಇದನ್ನೆಲ್ಲ ಓದಿ ನನಗೂ ಧೈರ್ಯ ಬಂತು. ನಮ್ಮ ಕಾಕಾ ರೇಡಿಯೋ ನಾಟಕದಲ್ಲಿ ಒಮ್ಮೆ ಪೊಲೀಸಿನವನ ಪಾತ್ರ ಮಾಡಿದ್ದರಂತೆ, ಕಲಬುರಗಿ ನಿಲಯ ಇರಬೇಕು, 1980ರ ಆಚೀಚೆ. ನಾಟಕದ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹುಡುಕಲು ಆಗುತ್ತದಾ?

ಹಳೇ ಡ್ಯೂಟಿ ರೂಮ್
ಕಾಕಾ ಅವರಿಗೆ ನಿಲಯದಿಂದ ಕರಾರು ಪತ್ರ ಬಂದಿರಬೇಕು, ಸಂಭಾವನೆ ಎಷ್ಟು, ಯಾವ ದಿನ ಧ್ವನಿಮುದ್ರಣ ಎಂದೆಲ್ಲ ಅದರಲ್ಲಿ ಇರುತ್ತದೆ. ಹಳೇ ಟ್ರಂಕು ಏನಾದರೂ ಇದೆಯಾ ಮನೆಯಲ್ಲಿ?